ಪತ್ತನಾಜೆವರೆಗೆ ಹುಳಿಯಿಲ್ಲ

ಸಿನೆಮಾದವರ ಕಾರು ನಮ್ಮ ಅಂಗಳಕ್ಕೆ ಬಂದ ಬೆಳಗ್ಗೆ ಜಗಲಿಯಲ್ಲಿ ಮನೆಯವರೆಲ್ಲ ಇದ್ದೆವು. ಅಪ್ಪ ಬೆಂಚಿನ ತುದಿಯಲ್ಲಿ, ಬಿಸಿಲೇರಿದರೂ ಬಿಚ್ಚದ ಮಫ್ಲರ್ ಕುತ್ತಿಗೆಗೆ ಸುತ್ತಿಕೊಂಡು, ಮದುವೆಗಳಿಗೆ ಮಾತ್ರ ಹಾಕುವ ಅಂಗಿಯಲ್ಲಿ ಕೂತಿದ್ದರು. ಅಜ್ಜಿ, ಅಂದರೆ ಅಪ್ಪನ ಅಮ್ಮ, ಕಂಬಕ್ಕೆ ಬೆನ್ನು ಕೊಟ್ಟು ಪುಟ್ಟ ಒರಳಿನಲ್ಲಿ ವೀಳ್ಯ ಗುದ್ದುತ್ತಿದ್ದರು. ಅಮ್ಮ ಬಾಗಿಲಿನ ಹಿಂದೆ ಅರ್ಧ, ಮುಂದೆ ಅರ್ಧ. ನಾನು ಮೆಟ್ಟಿಲಿನ ಮೇಲೆ, ಮಡಿಲಲ್ಲಿ ರಾಣಿ ಗೊಂಬೆಯನ್ನು ಮಲಗಿಸಿಕೊಂಡು ಅದರ ಕೊರಳಿನ ಮಣಿ ಸರಿಮಾಡುತ್ತಿದ್ದೆ. ಬಾಬು ಮಾವ ಅಮ್ಮನ ತಮ್ಮ, ಜಾಲ್ಸೂರು ಪೇಟೆಯಲ್ಲಿ ಬಸ್ಸಿಗೆ ಜನ ಹತ್ತಿಸುವ ಏಜೆಂಟ. ಅವನು ಅಂಗಳದ ನಡುವೆ ನಿಂತು, ಬಸ್ಸಿಗೆ ಹೇಳುವ ಹಾಗೆಯೇ ಕಾರಿಗೂ "ಬರ್ಲಿ, ಬರ್ಲಿ, ಹೋಲ್ಡಾನ್" ಎಂದು ಕೈಬೀಸುತ್ತಿದ್ದ. ಗೊಂಬೆಯಾಟದ ಒಂದು ದೃಶ್ಯ ಬೇಕೆಂದು ಮಡಿಕೇರಿಯಿಂದ ಘಟ್ಟ ಇಳಿದು ಬಂದಿದ್ದ ಅವರನ್ನು ಪೇಟೆಯಲ್ಲಿ ಹಿಡಿದು, "ಇಡೀ ಜಿಲ್ಲೆಯಲ್ಲಿ ಭಾವನ ಹಾಗೆ ಮಾತಾಡುವವರು ಇಲ್ಲ" ಎಂದು ನಂಬಿಸಿ, ಕರೆದುಕೊಂಡು ಬಂದವನು ಅವನೇ. ಒಂದು ಸಂಗತಿಯನ್ನು ಮಾತ್ರ ಅವನು ಅವರಿಗೆ ಹೇಳಿರಲಿಲ್ಲ. ಅದು ನಮಗೆಲ್ಲ ಗೊತ್ತಿತ್ತು, ನಮ್ಮ ನಾಯಿಗೂ ಗೊತ್ತಿತ್ತು, ಯಾಕೆಂದರೆ ಅಪ್ಪ ಕರೆದರೆ ಅದೂ ಈಗ ಬರುತ್ತಿರಲಿಲ್ಲ. ಅಪ್ಪನಿಗೆ ಸ್ವರ ಹೋಗಿತ್ತು.

ಆ ಮನೆಯಲ್ಲಿ ಮೂರೇ ಕೋಣೆ, ನಡುವಿನದು ಗೊಂಬೆಗಳದ್ದು. ಗೋಡೆಯಿಂದ ಗೋಡೆಗೆ ಒಂದು ಬಿದಿರು, ಅದಕ್ಕೆ ಸಾಲಾಗಿ ತೂಗುಹಾಕಿದ ರಾಜರು, ರಾಣಿಯರು, ರಕ್ಕಸರು, ಒಬ್ಬ ಹಾಸ್ಯಗಾರ. ಆಟವಿಲ್ಲದಾಗ ಎಲ್ಲರ ಮುಖಕ್ಕೂ ಬಿಳಿ ಬಟ್ಟೆಯ ಮುಸುಕು. ನಾವು ಚಾವಡಿಯಲ್ಲಿ ಚಾಪೆ ಹಾಸಿ ಮಲಗುವುದು, ಗೊಂಬೆಗಳು ಒಳಗೆ ನಿಂತುಕೊಂಡೇ ಮಲಗುವುದು. ನೆಂಟರು ಬಂದರೆ ಆ ಕೋಣೆ ಬಿಟ್ಟುಕೊಡುವ ಪ್ರಶ್ನೆಯೇ ಇಲ್ಲ. "ಅವರು ದುಡಿದು ತರುವವರು, ನೀನು ಉಂಡು ಹೋಗುವವ" ಎಂದು ಅಜ್ಜಿ ನೆಂಟರ ಮುಖಕ್ಕೇ ಹೇಳುತ್ತಿದ್ದರು. ನಮ್ಮದು ಯಕ್ಷಗಾನದ್ದೇ ಆಟ, ವೇಷ ಹಾಕಿದ ಮನುಷ್ಯರ ಬದಲಿಗೆ ನೂಲು ಕಟ್ಟಿದ ಗೊಂಬೆಗಳು ಕುಣಿಯುತ್ತಿದ್ದವು, ಅಷ್ಟೇ ವ್ಯತ್ಯಾಸ. ಕಪ್ಪು ಪರದೆಯ ಹಿಂದೆ ನಿಂತು ಅಪ್ಪ ರಾಜನ ನೂಲು ಹಿಡಿದು ರಾಜನ ಮಾತನ್ನೂ ಆಡುತ್ತಿದ್ದರು. ರಾಣಿಯ ನೂಲು ಬಾಬು ಮಾವನದು, ಮಾತು ಅಜ್ಜಿಯದು. ಹೆಂಗಸು ಆಟದಲ್ಲಿ ಮಾತಾಡುವುದೆಂದರೆ ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ, ಆದರೆ ಪರದೆಯ ಹಿಂದೆ ಇದ್ದದ್ದರಿಂದ ಎಷ್ಟೋ ಊರಿನವರು ಅದು ಅಪ್ಪನೇ ಸ್ವರ ಸಣ್ಣ ಮಾಡಿ ಆಡುವುದೆಂದು ತಿಳಿದು ಭೇಷ್ ಎನ್ನುತ್ತಿದ್ದರು. ಅಜ್ಜಿಗೆ ಅದರಿಂದ ಬೇಸರವಿರಲಿಲ್ಲ. ಪರದೆಯ ಹಿಂದೆ ಮಗನ ಸೊಂಟಕ್ಕೆ ಒಮ್ಮೆ ತಿವಿದು ಸುಮ್ಮನಾಗುತ್ತಿದ್ದರು.

ಆ ಮಾತಿಗೆ ನಮ್ಮಲ್ಲಿ ಅರ್ಥ ಎನ್ನುತ್ತಾರೆ. ಪದ್ಯ ಬರೆದಿಟ್ಟದ್ದು, ಅರ್ಥ ಬರೆದಿಟ್ಟದ್ದಲ್ಲ. ಪದ್ಯ ಮುಗಿದ ಕೂಡಲೇ, ನಿಂತ ನಿಲುವಿಗೆ, ಆಗಷ್ಟೇ ಹುಟ್ಟಿದ ಮಾತು ಬರಬೇಕು. ನಿನ್ನೆ ಪಂಜದಲ್ಲಿ ಆಡಿದ ಮಾತನ್ನು ಇವತ್ತು ಕಡಬದಲ್ಲಿ ಆಡಿದರೆ ಅದು ಮಾನ ಹೋಗುವ ವಿಷಯ. ಕೇಳುವವರು ಬೇರೆಯೇ ಆದರೂ ಗೊಂಬೆ ಅದೇ ಅಲ್ಲವಾ, ಅದಕ್ಕೆ ನಾಚಿಕೆಯಾಗುತ್ತದೆ ಎಂದು ಅಜ್ಜಿಯ ವಾದ. ಮನೆಯೊಳಗೆ ನಾವು ಆಡುವುದು ತುಳು, ಕನ್ನಡ ನನಗೆ ಬಂದದ್ದು ಆ ಪರದೆಯ ಹಿಂದಿನಿಂದ. ಹಾಗಾಗಿ ಶಾಲೆಗೆ ಸೇರಿದ ಹೊಸತರಲ್ಲಿ ಮೇಷ್ಟ್ರ ಎದುರು ಕೈ ಮುಗಿದು ನಿಂತು, "ಗುರುವರ್ಯರೇ, ದಾಹವು ಎನ್ನನ್ನು ಬಾಧಿಸುತ್ತಿದೆ" ಎಂದಿದ್ದೆ. ಅವರು ಬಾಗಿಲು ತೋರಿಸಿ, "ಹೋಗಿ ಕುಡಿದು ಬಾ ಮಹಾರಾಣಿ" ಎಂದರು. ಆಮೇಲೆ ಶಾಲೆ ಬಿಡುವವರೆಗೂ ನಾನು ಮಹಾರಾಣಿಯೇ.

ಮನೆಯಲ್ಲಿ ಮಾತ್ರ ನನಗೆ ಬೇರೆ ಹೆಸರು. ಮಧ್ಯಾಹ್ನ ಅಜ್ಜಿ ನನ್ನನ್ನು ಕೂರಿಸಿಕೊಂಡು ಒಂದು ಪದ್ಯ ಹೇಳಿ ಅದಕ್ಕೆ ಅರ್ಥ ಹೇಳುತ್ತಿದ್ದರು. ನಾನು ಕೇಳಿದ್ದನ್ನು ಕೇಳಿದ ಹಾಗೆಯೇ, ಉಸಿರು ತೆಗೆದುಕೊಂಡ ಜಾಗವೂ ತಪ್ಪದಂತೆ ಒಪ್ಪಿಸುತ್ತಿದ್ದೆ. ಮಾರನೇ ದಿನ ಅವರು ಬೇರೆ ಹೇಳಿದರೆ, "ಅಲ್ಲ ಅಜ್ಜಿ, ನಿನ್ನೆ ಹಾಗೆ ಹೇಳ್ಲಿಲ್ಲ" ಎಂದು ತಿದ್ದುತ್ತಿದ್ದೆ. ಅಜ್ಜಿಗೆ ಸಿಟ್ಟು ನೆತ್ತಿಗೇರುತ್ತಿತ್ತು.

"ನಿನ್ನೆ ಹೇಳಿದ್ದನ್ನೇ ಹೇಳುದಾ? ನಿನ್ನೆ ಉಂಡ ಎಲೆಯಲ್ಲೇ ಇವತ್ತು ಬಡಿಸುದಾ? ಹುಟ್ಟಿದ್ದು ಮನುಷ್ಯರ ಹೊಟ್ಟೆಯಲ್ಲಿ, ಆದದ್ದು ಗಿಳಿ!"

ಹೀಗೆ ಗಿಳಿ ಎಂಬ ಹೆಸರು ನಿಂತಿತು. ಅಮ್ಮ ಅಡುಗೆಮನೆಯಿಂದಲೇ, "ಇರ್ಲಿ ಅತ್ತೆ, ಗಿಳಿಯಾದ್ರೂ ಆಯ್ತಲ್ಲ, ಇವಳ ಮಾವನ ಹಾಗೆ ಕಾಗೆ ಆಗ್ಲಿಲ್ಲ" ಎನ್ನುತ್ತಿದ್ದರು. ಬಾಬು ಮಾವನ ಕೈ ಬಂಗಾರದ್ದು, ಸ್ವರ ಮಾತ್ರ ಬಸ್ಸಿನ ಏಜೆಂಟನದೇ. ಅವನ ರಾಣಿ ಬಾಯಿಬಿಟ್ಟರೆ "ಪುತ್ತೂರು, ಪುತ್ತೂರು" ಎಂದು ಕೂಗಿದ ಹಾಗೆ ಆಗುತ್ತಿತ್ತು.

ಇನ್ನು ಹುಳಿಯ ವಿಷಯ ಹೇಳಬೇಕು. ನಮ್ಮ ಆಟ ಶುರುವಾಗುವುದು ದೀಪಾವಳಿಗೆ, ನಿಲ್ಲುವುದು ಪತ್ತನಾಜೆಗೆ. ಬೇಸಗೆ ಮುಗಿಯುತ್ತಾ ಬರುವಾಗ ಊರಿನ ಆಟ, ಭೂತದ ಕೋಲಗಳೆಲ್ಲ ಗಂಟುಮೂಟೆ ಕಟ್ಟುವ ದಿನ ಅದು. ಅಷ್ಟು ಕಾಲವೂ ಸ್ವರ ಕೊಡುವವರ ಎಲೆಗೆ ಹುಳಿ ಬೀಳಬಾರದು. ಉಪ್ಪಿನಕಾಯಿ ಇಲ್ಲ, ಮೊಸರು ಇಲ್ಲ, ಹುಣಸೆ ಹಿಂಡಿದ ಯಾವುದೂ ಇಲ್ಲ. ಅಪ್ಪನಿಗೂ ಅಜ್ಜಿಗೂ ತೊವ್ವೆ, ಹುಳಿ ಹಾಕದ ಕರಿಮೆಣಸಿನ ಸಾರು, ಕೊನೆಗೆ ಒಂದು ಚೂರು ಬೆಲ್ಲ. ನೂಲು ಹಿಡಿಯುವವರಿಗೆ ಈ ಪಥ್ಯವಿಲ್ಲ. ಆದ್ದರಿಂದ ಬಾಬು ಮಾವ ಅಪ್ಪನ ಎದುರೇ ಕೂತು ಮಾವಿನ ಮಿಡಿಯನ್ನು ಕಟಕ್ಕೆಂದು ಕಚ್ಚಿ, ಕಣ್ಣು ಮುಚ್ಚಿ, "ಆಹಾ ಭಾವ, ಈ ಸಲದ ಮಿಡಿ!" ಎಂದು ಗೋಳು ಹೊಯ್ದುಕೊಳ್ಳುತ್ತಿದ್ದ. ಅಪ್ಪ ಬೆಲ್ಲದ ಚೂರನ್ನು ಅವನ ತಲೆಗೆ ಎಸೆಯುತ್ತಿದ್ದರು. ನಮ್ಮ ಊಟದ ಗಮ್ಮತ್ತೇ ಅದು. ಯಾರ ಎಲೆಯಲ್ಲಿ ಉಪ್ಪಿನಕಾಯಿ ಇಲ್ಲವೋ ಅವರು ಮನೆಯ ಆಟದವರು ಎಂದು ನನಗೆ ಗೊತ್ತಿತ್ತು. ನನ್ನ ಎಲೆಗೆ ಅಮ್ಮ ಪ್ರತಿ ಸಲ ಒಂದು ಮಿಡಿ ಬಡಿಸುವಾಗಲೂ ಬಾಯಲ್ಲಿ ನೀರು ಬರುತ್ತಿತ್ತು, ನಾನು ಆಟದವಳಲ್ಲ ಎಂಬುದೂ ನೆನಪಾಗುತ್ತಿತ್ತು.

ಆ ವರ್ಷ ಪತ್ತನಾಜೆಗೆ ಮೊದಲೇ ಅಪ್ಪನಿಗೆ ಜ್ವರ ಬಂತು. ಜ್ವರ ಬಿಟ್ಟಿತು, ಹೋಗುವಾಗ ಸ್ವರವನ್ನೂ ಕರೆದುಕೊಂಡು ಹೋಯಿತು. ಪುತ್ತೂರಿನ ಡಾಕ್ಟರು ಮಳೆಗಾಲವಿಡೀ ಮಾತಾಡಬೇಡಿ ಎಂದರು, ಅಪ್ಪ ಮಾತಾಡಲಿಲ್ಲ. ಮಳೆ ನಿಂತು ಬಾಯಿಬಿಟ್ಟಾಗ ಗಾಳಿ ಮಾತ್ರ ಬಂತು, ಎದುರು ಕೂತವರಿಗಷ್ಟೇ ಕೇಳುವ ಪಿಸುಮಾತು. ದೀಪಾವಳಿ ಬಂತು, ಆಟ ಕೇಳಲು ಬಂದವರನ್ನು ಬಾಬು ಮಾವ ಪೇಟೆಯಿಂದಲೇ ಏನೇನೋ ಹೇಳಿ ತಿರುಗಿಸಿ ಕಳಿಸಿದ. ಗೊಂಬೆಗಳ ಮುಸುಕು ತೆಗೆಯಲಿಲ್ಲ. ಹಬ್ಬ ಕಳೆದ ಒಂದು ಮಧ್ಯಾಹ್ನ ಅಮ್ಮ ಬಡಿಸುತ್ತಾ ಬಂದವರು, ಅಪ್ಪನ ಎಲೆಯ ತುದಿಗೆ ಒಂದು ಮಿಡಿ ಉಪ್ಪಿನಕಾಯಿ ಹಾಕಿದರು. ಎಲ್ಲರ ಕೈಯೂ ನಿಂತಿತು.

"ಅವನಿಗೆ ಯಾಕೆ ಹಾಕಿದ್ದು?" ಎಂದರು ಅಜ್ಜಿ.

"ಬಾಯಿಗೆ ರುಚಿಯಿಲ್ಲದೆ ಉಣ್ತಾ ಇದ್ದಾರೆ ಅತ್ತೆ. ಇನ್ನು ಯಾವ ಸ್ವರಕ್ಕೆ ಪಥ್ಯ?"

ಜಗಳವಾಗುತ್ತದೆಂದು ನಾನು ಕಾದೆ. ಆಗಲಿಲ್ಲ. ಅಪ್ಪ ಆ ಮಿಡಿಯನ್ನು ಸ್ವಲ್ಪ ಹೊತ್ತು ನೋಡಿ, ಎತ್ತಿ ಕಚ್ಚಿದರು. ಬಾಬು ಮಾವ ತನ್ನ ಮಿಡಿಯನ್ನು ಮುಟ್ಟದೆ ಎದ್ದ. ಅಜ್ಜಿ ಮಾತ್ರ ತನ್ನ ಎಲೆಯ ಮೇಲೆ ಕೈ ಅಡ್ಡ ಹಿಡಿದು, "ನನಗೆ ಬೇಡ, ನನಗೆ ಪಥ್ಯ ಉಂಟು" ಎಂದರು. ಅವರೊಬ್ಬರೇ ಅಷ್ಟು ದೊಡ್ಡ ಆಟವನ್ನು ಹಿಡಿದುಕೊಂಡು ಕೂತ ಹಾಗೆ ಕಂಡಿತು.

ಅಂಥ ಚಳಿಗಾಲದಲ್ಲಿ ಬಂದದ್ದು ಆ ಕಾರು. ಇಳಿದ ಡೈರೆಕ್ಟರು ಮೈಸೂರು ಕಡೆಯವರು, ತಲೆಗೆ ಬಿಳಿ ಟೊಪ್ಪಿ, ಮಾತು ಮಾತಿಗೂ ಕರ್ಚೀಫಿನಲ್ಲಿ ಮುಖ ಒರೆಸಿಕೊಳ್ಳುವುದು. ಅಮ್ಮ ತಟ್ಟೆಯಲ್ಲಿ ಬೆಲ್ಲದ ತುಂಡು, ಚೊಂಬಿನಲ್ಲಿ ನೀರು ತಂದಿಟ್ಟರು. ಅವರು ಅಪ್ಪನ ಎದುರು ಕೂತು ಕೇಳಿದರು:

"ಎಷ್ಟು ವರ್ಷದಿಂದ ಆಡಿಸ್ತಾ ಇದ್ದೀರಿ ಯಜಮಾನ್ರೇ?"

ಅಪ್ಪ ನಕ್ಕು ತಲೆಯಾಡಿಸಿದರು. ಬಾಬು ಮಾವ ಎದುರು ಹಾರಿ ಬಂದ.

"ಮೀಸೆ ಬರುವ ಮೊದಲೇ ಶುರು ಸಾರ್. ಭಾವ ಆಟದ ದಿವಸ ಮಾತಾಡುದಿಲ್ಲ. ವ್ರತ."

"ಓಹೋ! ದೊಡ್ಡವರು, ದೊಡ್ಡವರು," ಎಂದು ಡೈರೆಕ್ಟರು ಕೈ ಮುಗಿದರು. "ಆದ್ರೆ ಆಟದಲ್ಲಿ ಮಾತಾಡ್ತಾರೆ ತಾನೆ?"

ಬಾಬು ಮಾವ ಬೆಲ್ಲದ ತಟ್ಟೆಯನ್ನು ಅವರ ಕಡೆಗೆ ಸರಿಸಿದ. ಅಪ್ಪ ಮಫ್ಲರನ್ನು ಮುಟ್ಟಿಕೊಂಡರು. ಆಗ ಅಜ್ಜಿ ಒರಳನ್ನು ಬದಿಗಿಟ್ಟರು.

"ವ್ರತವೂ ಇಲ್ಲ ಎಂತದೂ ಇಲ್ಲ ಮಾರಾಯ್ರೆ. ಅವನಿಗೆ ಸ್ವರ ಹೋಗಿ ಉಂಟು. ಇದ್ದದ್ದು ಹೇಳಿದೆ. ಇನ್ನು ನೀವು ಹೋಗುದಾದ್ರೆ ಬೆಲ್ಲ ನೀರು ಕುಡಿದು ಹೋಗಿ."

ಡೈರೆಕ್ಟರು ಅಜ್ಜಿಯನ್ನು ನೋಡಿದರು, ಅಪ್ಪನನ್ನು ನೋಡಿದರು. ಆಮೇಲೆ ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಂಡು ನಗುವುದಕ್ಕೇ ಶುರುಮಾಡಿದರು.

"ಅಷ್ಟೇನಾ! ಅಲ್ಲಮ್ಮಾ, ಸ್ವರ ಯಾರಿಗೆ ಬೇಕು? ನಮ್ಮ ಹೀರೋ ಹಾಡೋದೂ ಬೇರೆಯವರ ಸ್ವರದಲ್ಲೇ. ಮಾತು, ಮದ್ದಳೆ ಎಲ್ಲಾ ಮದ್ರಾಸಲ್ಲಿ ಆಮೇಲೆ ಹಾಕ್ತೀವಿ. ನಮಗೆ ಬೇಕಾಗಿರೋದು ಇವರ ಕೈ!"

ಆ ಕ್ಷಣ ಜಗಲಿಯಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟದ್ದು ನನಗೆ ಈಗಲೂ ಕೇಳುತ್ತದೆ. ಮುಂದೆ ನಾನು ಬೆಂಗಳೂರಿನ ಟೀವಿ ಸ್ಟುಡಿಯೋಗಳಲ್ಲಿ ಗೊಂಬೆ ಹಿಡಿದು ಎಷ್ಟೋ ವರ್ಷ ಬದುಕಿದೆ. ಕೈ ಒಬ್ಬರದು, ಸ್ವರ ಇನ್ನೊಬ್ಬರದು ಎಂಬುದು ಅಲ್ಲಿ ಯಾರಿಗೂ ದೊಡ್ಡ ವಿಷಯವಲ್ಲ. ಆದರೆ ಆ ಬೆಳಗ್ಗೆ ನಮ್ಮ ಮನೆಗೆ ಅದು ಹೊಸ ಸುದ್ದಿ. ಅಪ್ಪ ಮಫ್ಲರ್ ಬಿಚ್ಚಿ ಬೆಂಚಿನ ಮೇಲಿಟ್ಟರು.

ಕಷ್ಟ ಎದುರಾದದ್ದು ಅದರ ನಂತರ. ಅಂಗಳದಲ್ಲೇ ಕಪ್ಪು ಪರದೆ ಕಟ್ಟಿದರು. ಬಿಸಿಲನ್ನು ಹಿಡಿದು ಗೊಂಬೆಗಳ ಮೇಲೆ ಹಾಯಿಸಲು ಬೆಳ್ಳಿಯ ಬಣ್ಣದ ಹಲಗೆಗಳನ್ನು ನಿಲ್ಲಿಸಿದರು. ದೃಶ್ಯ ಸಣ್ಣದು. ರಾಜ ಯುದ್ಧಕ್ಕೆ ಹೊರಡುತ್ತಾನೆ, ರಾಣಿ ಬಾಗಿಲಲ್ಲಿ ತಡೆಯುತ್ತಾಳೆ, ಅವನು ಸಮಾಧಾನ ಹೇಳಿ ಖಡ್ಗ ಎತ್ತಿ ಹೋಗುತ್ತಾನೆ. ಅಪ್ಪ ರಾಜನ ನೂಲು ಹಿಡಿದರು, ಮಾವ ರಾಣಿಯದ್ದು. ಕ್ಯಾಮೆರಾ ತಿರುಗಿತು. ರಾಜ ಅಲ್ಲಾಡಲಿಲ್ಲ. ಹಬ್ಬದ ದಿನ ಅಂಗಡಿಯಲ್ಲಿ ತೂಗುಹಾಕಿದ ಆಟಿಕೆಯ ಹಾಗೆ ನಿಂತ. ಅಪ್ಪ ಪರದೆಯ ಹಿಂದಿನಿಂದ ಬೆವರುತ್ತಾ ಹೊರಬಂದು ಅಜ್ಜಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಅಜ್ಜಿ ಅದನ್ನು ದೊಡ್ಡ ಸ್ವರದಲ್ಲಿ ಹೇಳಿದರು: ಅರ್ಥ ಕೇಳದೆ ಕೈ ಏಳುವುದಿಲ್ಲವಂತೆ. ಇಷ್ಟು ವರ್ಷ ನಾಲಗೆ ಮುಂದೆ, ಕೈ ಹಿಂದೆ, ಈಗ ಕೈ ಒಂದೇ ಎಲ್ಲಿಗೆ ಹೋಗುವುದು?

"ಅದಕ್ಕೇನಂತೆ, ನೀವೇ ಹೇಳಿ ತಾಯೀ," ಎಂದರು ಡೈರೆಕ್ಟರು.

ಅಜ್ಜಿ ಪರದೆಯ ಹಿಂದೆ ಹೋಗಿ, ಸೆರಗು ಸಿಕ್ಕಿಸಿ, ರಾಜನಾಗಿಯೂ ರಾಣಿಯಾಗಿಯೂ ಮಾತು ಶುರುಮಾಡಿದರು. ಅಪ್ಪನ ರಾಜನಿಗೆ ಜೀವ ಬಂತು. ಕತ್ತು ಓರೆ ಮಾಡಿ ಕೇಳಿದ, ಎದೆಗೆ ಕೈಯಿಟ್ಟು ಹೇಳಿದ. ತಿಂಗಳುಗಟ್ಟಲೆ ಕಾಣದ ಅಪ್ಪನನ್ನು ನಾನು ಆ ಗೊಂಬೆಯಲ್ಲಿ ಕಂಡೆ. ಸಿನೆಮಾದವರು ಚಪ್ಪಾಳೆ ತಟ್ಟಿದರು. ಡೈರೆಕ್ಟರು ಹೇಳಿದರು:

"ಬಹಳ ಚೆನ್ನಾಗಿತ್ತು! ಇದು ದೂರದಿಂದ ತಗೊಂಡಿದ್ದು. ಈಗ ಹತ್ತಿರದಿಂದ ಒಂದ್ಸಲ. ಆಮೇಲೆ ಎರಡನ್ನೂ ಅಂಟಿಸ್ತೀವಿ. ಅದೇ ಮಾತು, ಅದೇ ಥರ, ಒಂಚೂರೂ ಬದಲಾಗಬಾರದು."

ಅಜ್ಜಿ ಎರಡನೆಯ ಸಲ ಶುರುಮಾಡಿದರು. ರಾಣಿ ಈ ಸಲ ಅಳಲಿಲ್ಲ, ಸಿಟ್ಟಾದಳು. ರಾಜ ಎದೆಗೆ ಕೈಯಿಡಲಿಲ್ಲ, ಹಿಂದೆ ಸರಿದ. "ಕಟ್" ಎಂದರು. ಮೂರನೆಯ ಸಲ ರಾಣಿ ತವರಿನ ಸುದ್ದಿ ತೆಗೆದಳು, ರಾಜ ತಬ್ಬಿಬ್ಬಾಗಿ ತಲೆ ತಗ್ಗಿಸಿದ. ಮತ್ತೆ "ಕಟ್". ಡೈರೆಕ್ಟರ ಕರ್ಚೀಫು ಒದ್ದೆಯಾಗಿತ್ತು.

"ತಾಯೀ, ಮೊದಲು ಹೇಳಿದ್ರಲ್ಲ, ಅದನ್ನೇ ಹೇಳಿ!"

"ಅದು ಹೇಳಿ ಆಯ್ತಲ್ಲ ಮಾರಾಯ್ರೆ! ಇನ್ನೂ ಒಮ್ಮೆ ಅದನ್ನೇ ಹೇಳ್ಲಿಕ್ಕೆ ನಾನೆಂತ ಗ್ರಾಮಫೋನಾ?"

"ಹೌದಮ್ಮಾ, ಈಗ ಗ್ರಾಮಫೋನೇ ಬೇಕು!"

ಅಜ್ಜಿ ಹಟಕ್ಕೆ ಹಾಗೆ ಮಾಡಿದ್ದಲ್ಲ. ನಾಲ್ಕನೆಯ ಸಲ ನಿಜವಾಗಿಯೂ ಪ್ರಯತ್ನಿಸಿದರು, ಮೊದಲ ವಾಕ್ಯ ಬಂತು, ಎರಡನೆಯದಕ್ಕೆ ತಡವರಿಸಿದರು. ಅವರ ಮಾತಿಗೆ ಹಿಂದಕ್ಕೆ ನಡೆದು ಗೊತ್ತಿರಲಿಲ್ಲ. ಬಿಸಿಲು ಹಲಗೆಗಳಿಂದ ಜಾರುತ್ತಿತ್ತು. ರೀಲು ಹೆಚ್ಚಿಲ್ಲ ಎಂದು ಕ್ಯಾಮೆರಾದವನು ಹೇಳಿದ. ಡೈರೆಕ್ಟರು ಟೊಪ್ಪಿ ತೆಗೆದು ಕಾರಿನ ಕಡೆ ನೋಡಿದರು. ಅಪ್ಪ ಕೈಯಲ್ಲಿ ನೂಲು ಹಿಡಿದೇ ನೆಲಕ್ಕೆ ಕೂತುಬಿಟ್ಟರು, ರಾಜನೂ ಅವರ ಪಕ್ಕ ಕುಸಿದು ಕೂತ. ಅದನ್ನು ನೋಡಿದ್ದೇ ನನ್ನ ಬಾಯಿಂದ ತಾನಾಗಿ ಮಾತು ಬಂತು.

"ಅಜ್ಜಿ ಮೊದಲು ಹೇಳಿದ್ದು ಹಾಗಲ್ಲ. 'ದೇವೀ, ಬಾಗಿಲಿಗೆ ಅಡ್ಡ ನಿಂತದ್ದು ನೀನೋ, ನಿನ್ನ ಕಣ್ಣೀರೋ?' ಅಂತ."

ಅಲ್ಲಿಂದ ಕೊನೆಯವರೆಗೂ ಹೇಳಿದೆ. ಅಜ್ಜಿ ಕೆಮ್ಮಿದ ಜಾಗದಲ್ಲಿ ಕೆಮ್ಮಿದೆ ಕೂಡ. ಬಾಬು ಮಾವ ಬಿದ್ದು ಬಿದ್ದು ನಕ್ಕ. "ಹೋಯ್, ನಮ್ಮ ಗಿಳಿ!" ಎಂದ. ಡೈರೆಕ್ಟರು ನನ್ನನ್ನು ಎತ್ತಿ ಪರದೆಯ ಹಿಂದೆ ನಿಲ್ಲಿಸಿದರು. ಅಜ್ಜಿ ತಾನು ನಿಂತಿದ್ದ ಜಾಗ ಬಿಟ್ಟು ಅತ್ತ ಸರಿದರು. ಅಪ್ಪ ಎದ್ದು ನಿಂತು ನೂಲು ಜಗ್ಗಿದರು.

ನಾನು ಹೇಳುತ್ತಾ ಹೋದೆ, ರಾಜ ಮೊದಲ ಸಲ ಮಾಡಿದ್ದನ್ನೇ ಮಾಡುತ್ತಾ ಬಂದ. ಅದೇ ಓರೆ, ಅದೇ ಎದೆಯ ಮೇಲಿನ ಕೈ. ಎಲ್ಲ ಮುಗಿಯಿತು, ಇನ್ನು ಖಡ್ಗ ಎತ್ತಿ ಹೊರಡುವುದೊಂದೇ ಬಾಕಿ. ಖಡ್ಗ ಏಳಲಿಲ್ಲ. ಗಾಳಿಗೆ ಹಾರಿದ ರಾಣಿಯ ಸೆರಗಿನ ಜರಿ ಅದರ ತುದಿಗೆ ಸಿಕ್ಕಿಹಾಕಿಕೊಂಡಿತ್ತು. ಅಪ್ಪ ಎಳೆದರು, ಬರಲಿಲ್ಲ. ಇನ್ನೂ ಎಳೆದರೆ ಸೆರಗು ಹರಿಯುತ್ತದೆ, ಬಿಟ್ಟರೆ ದೃಶ್ಯ ಹೋಗುತ್ತದೆ. ಅಜ್ಜಿ ಹೇಳಿದ್ದರಲ್ಲಿ ಇದಕ್ಕೆ ಮಾತು ಇರಲಿಲ್ಲ. ನನ್ನ ತಲೆ ಬರಿದಾಯಿತು, ಬಾಯಿ ಮಾತ್ರ ನಿಲ್ಲಲಿಲ್ಲ.

"ದೇವೀ, ನನ್ನ ಖಡ್ಗವನ್ನೂ ಹಿಡಿದು ನಿಲ್ಲಿಸಿದೆಯಾ? ನಿನ್ನ ಸೆರಗಿಗಿರುವ ಬಲ ನನ್ನ ಸೈನ್ಯಕ್ಕೆ ಇದ್ದಿದ್ದರೆ ನಾನು ಯುದ್ಧಕ್ಕೇ ಹೋಗಬೇಕಾಗಿರಲಿಲ್ಲ."

ಅಪ್ಪನ ಕೈ ಆ ಮಾತನ್ನು ಗಾಳಿಯಲ್ಲೇ ಹಿಡಿಯಿತು. ರಾಜ ಬಾಗಿದ, ಸಿಕ್ಕಿದ ಸೆರಗನ್ನು ಕಂಡ, ಕತ್ತೆತ್ತಿ ರಾಣಿಯನ್ನು ನೋಡಿದ. ಆಮೇಲೆ, ಅವಳಿಗೆ ನೋವಾಗದ ಹಾಗೆ, ಖಡ್ಗವನ್ನು ಮೆಲ್ಲಗೆ ಅತ್ತಿತ್ತ ಆಡಿಸಿ ಬಿಡಿಸಿಕೊಂಡು ಹಿಂದೆ ನೋಡದೆ ಹೋದ. ಡೈರೆಕ್ಟರು "ಕಟ್" ಎಂದು ಕೂಗಿ ಟೊಪ್ಪಿಯನ್ನು ಮತ್ತೆ ತಲೆಗಿಟ್ಟುಕೊಂಡರು.

"ಇದೊಂದೇ ಸಾಕು. ಮುಂಚಿನದು ಯಾವುದೂ ಬೇಡ. ಸೆರಗು ಸಿಕ್ಕೋದು ಮೊದಲೇ ಯೋಚನೆ ಮಾಡಿದ್ರಾ ಯಜಮಾನ್ರೇ?"

ಅಪ್ಪ ನಗುತ್ತಿದ್ದರು. ಸದ್ದೇ ಇಲ್ಲದ, ಭುಜ ಕುಣಿಯುವ ನಗು. ಜ್ವರದ ನಂತರ ಅವರು ಹಾಗೆ ನಕ್ಕದ್ದನ್ನು ನಾವು ಕಂಡಿರಲಿಲ್ಲ. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು, ಹೊಗೆ ಹೊಗೆ ಎಂದರು. ಒಲೆ ಇದ್ದದ್ದು ಮನೆಯ ಇನ್ನೊಂದು ತುದಿಯಲ್ಲಿ. ಅಜ್ಜಿ ನನ್ನನ್ನು ಹತ್ತಿರ ಕರೆದು ಕೇಳಿದರು:

"ಆ ಸೆರಗಿನ ಮಾತು ನಿನಗೆ ಯಾರು ಹೇಳಿಕೊಟ್ಟದ್ದು?"

"ಯಾರೂ ಇಲ್ಲ ಅಜ್ಜಿ. ಬಂತು."

"ಹಾಗಾದ್ರೆ ಇನ್ನೊಮ್ಮೆ ಅದನ್ನು ಹೇಳ್ಬೇಡ," ಎಂದು ಅವರು ವೀಳ್ಯದ ಒರಳನ್ನು ಹುಡುಕಿಕೊಂಡು ಹೋದರು.

ಕಾರು ಹೋಯಿತು. ಆಮೇಲೆ ಮದ್ರಾಸಿನಿಂದ ಅಪ್ಪನಿಗೆ ಕರೆಯೂ ಬಂತು. ಕೈ ಬೇಕಾದಾಗೆಲ್ಲ ಅವರು ಪೆಟ್ಟಿಗೆ ಹೊತ್ತು ಮಂಗಳೂರಿನಲ್ಲಿ ರೈಲು ಹತ್ತುತ್ತಿದ್ದರು. ಅಲ್ಲಿ ಮಾತಿಲ್ಲದವರೆಂದು ಯಾರೂ ಅವರನ್ನು ಕನಿಕರದಿಂದ ನೋಡಲಿಲ್ಲವಂತೆ, ಶೂಟಿಂಗ್ ನಡೆಯುವಾಗ ಎಲ್ಲರೂ ಬಾಯಿ ಮುಚ್ಚಿಕೊಂಡೇ ಇರುವವರು. ನಮ್ಮ ಅಂಗಳದಲ್ಲಿ ತೆಗೆದ ಸಿನೆಮಾ ಮುಂದಿನ ಮಳೆ ನಿಂತ ಮೇಲೆ ಪುತ್ತೂರಿನ ಟೆಂಟಿಗೆ ಬಂತು. ಮನೆಯವರೆಲ್ಲ ಮೊದಲ ಆಟಕ್ಕೆ ಹೋಗಿ ಮುಂದುಗಡೆ ಕೂತೆವು. ರಾಜ ಬಂದ, ಮದ್ರಾಸಿನ ಯಾರದೋ ಗಟ್ಟಿ ಸ್ವರದಲ್ಲಿ ಮಾತಾಡಿದ. ಸೆರಗು ಸಿಕ್ಕಿದ ಹೊತ್ತಿಗೆ ಆ ಸ್ವರ ದೇಶ, ಧರ್ಮ ಎಂದು ಏನೋ ಹೇಳುತ್ತಿತ್ತು. ರಾಜ ಮಾತ್ರ ನನ್ನ ಮಾತಿಗೇ ಕತ್ತೆತ್ತಿದ. ಅಪ್ಪನ ಬೆರಳುಗಳು ಮೊಣಕಾಲಿನ ಮೇಲೆ ಆಡುತ್ತಿದ್ದವು. ಅಜ್ಜಿ ಇಡೀ ಟೆಂಟಿಗೆ ಕೇಳುವ ಹಾಗೆ, "ಸ್ವರ ಉಂಟು, ಅರ್ಥ ಇಲ್ಲ" ಎಂದರು. ಹಿಂದಿನವರು "ಶ್ಶ್" ಎಂದರು.

ಆ ವರ್ಷದ ದೀಪಾವಳಿಗೆ ಅಪ್ಪ ಒಳಕೋಣೆಗೆ ಹೋಗಿ ಗೊಂಬೆಗಳ ಮುಸುಕು ಒಂದೊಂದಾಗಿ ತೆಗೆದರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತೆವು. ಅಮ್ಮ ಭರಣಿ ಹಿಡಿದು ಬಂದರು. ಅಪ್ಪನ ಎಲೆಗೆ ಒಂದು ಮಿಡಿ ಹಾಕಿದರು, ಬಾಬು ಮಾವನಿಗೆ ಎರಡು. ಅಜ್ಜಿಯ ಎಲೆಯನ್ನು ದಾಟಿದರು. ನನ್ನ ಎಲೆಯನ್ನೂ ದಾಟಿ ಮುಂದೆ ಹೋದರು. ಅಪ್ಪ ನನ್ನ ಎದುರೇ ಮಿಡಿಯನ್ನು ಕಟಕ್ಕೆಂದು ಕಚ್ಚಿ, ಬಾಬು ಮಾವ ಮಾಡುತ್ತಿದ್ದ ಹಾಗೆ ಕಣ್ಣು ಮುಚ್ಚಿದರು.

"ಅಮ್ಮಾ, ನನಗೆ?" ಎಂದೆ.

ಅಮ್ಮ ತಿರುಗಿ ನೋಡದೆ ಭರಣಿಯ ಬಾಯಿಗೆ ಬಟ್ಟೆ ಕಟ್ಟಿದರು.

"ನಿನಗೆ ಪತ್ತನಾಜೆ ಕಳೆದ ಮೇಲೆ."